ಆರಿದ್ರಾ ಮಳೇಲಿ ಆರಿದ್ರಾ ನಕ್ಷತ್ರ ಯಾಕೆ ಕಾಣಲ್ಲ?

ಪಾಂಡವಪುರದ ಮೊಮ್ಮಗ · ಜೂನ್ 24

ಎಲ್ರಿಗೂ ನಮಸ್ಕಾರ. ಒಂದ್ ಪ್ರಶ್ನೆ ಮೂರ್ ದಿನದಿಂದ ತಲೆ ಕೊರೀತಾ ಅದೆ, ಗೊತ್ತಿರೋರು ಬಿಡಿಸಿ ಹೇಳಿ. ನಮ್ ತಾತಂಗೆ 82 ವರ್ಷ, ಇವತ್ತಿಗೂ ಅವ್ರ ಬಾಯಲ್ಲಿ ಜೂನ್ ಜುಲೈ ಬರಲ್ಲ, ರೋಹಿಣಿ ಮಳೇಲಿ ಹಿಂಗ್ ಮಾಡು, ಮೃಗಶಿರಾ ಕಳೀಲಿ ತಡಿ, ಆರಿದ್ರಾ ಹುಯ್ತಾ ಬಿತ್ತು, ಎಲ್ಲ ನಕ್ಷತ್ರದ ಲೆಕ್ಕಾನೇ. ಮೊನ್ನೆ ಆರಿದ್ರಾ ಹುಟ್ತು ಅಂದ್ರು, ಸರಿ ನೋಡೇಬಿಡಾಣ ಅಂತ ಮೊಬೈಲಲ್ಲಿ ಆಕಾಶ ತೋರ್ಸೋ ಆ್ಯಪ್ ಹಾಕ್ಕೊಂಡು ರಾತ್ರಿ ಗದ್ದೆಗೆ ನೀರ್ ತಿರುಗ್ಸಕ್ಕೆ ಹೋದಾಗ ಹುಡುಕ್ದೆ, ರಾತ್ರಿಯಿಡೀ ಆ ನಕ್ಷತ್ರಾನೇ ಇಲ್ಲ, ಆ್ಯಪ್ ನೋಡುದ್ರೆ ಅದು ಹಗಲೊತ್ತು ಸೂರ್ಯನ ಜೊತೇಲಿ ಅದೆ ಅಂತ ತೋರುಸ್ತದೆ. ಆರಿದ್ರಾ ಮಳೇಲಿ ಆರಿದ್ರಾ ನಕ್ಷತ್ರಾನೇ ಕಾಣಲ್ಲ ಅಂದ್ರೆ ಏನ್ ಲೆಕ್ಕ ಇದು? ತಾತನ್ನ ಕೇಳುದ್ರೆ "ನಮ್ಮಪ್ಪ ಯೋಳ್ದ, ನಾನ್ ಯೋಳ್ದೆ" ಅಂತಾರೆ ಅಷ್ಟೆ.

ಮದ್ದೂರಿನ ಸೈನ್ಸ್ ಟೀಚರ್ · ಜೂನ್ 24

ತಮ್ಮಾ, ನಿನ್ ಆ್ಯಪ್ ಸರಿಯಾಗೇ ತೋರ್ಸಿದೆ, ಉತ್ತರಾನೂ ಅದ್ರಲ್ಲೇ ಇದೆ. ಮಳೆ ನಕ್ಷತ್ರ ಅಂದ್ರೆ ರಾತ್ರಿ ಕಾಣೋ ನಕ್ಷತ್ರ ಅಲ್ಲ, ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿ ಇರ್ತಾನೆ ಅನ್ನೋದು. ಸೂರ್ಯ ವರ್ಷಕ್ಕೆ ಒಂದ್ಸಲ ಆಕಾಶದ ಪೂರ್ತಿ ಸುತ್ತು ಹಾಕ್ದಂಗೆ ನಮಗೆ ಕಾಣತ್ತೆ, ಆ ದಾರೀನ 27 ಸಮ ಭಾಗ ಮಾಡಿದಾರೆ, 365 ದಿನಾನ 27ರಿಂದ ಭಾಗಿಸಿ ನೋಡು, ಹದಿಮೂರೂವರೆ ದಿನ ಬರತ್ತೆ, ಅದಕ್ಕೇ ಒಂದೊಂದು ಮಳೆಗೂ 13-14 ದಿನ. ಆರಿದ್ರಾ ಜೂನ್ 21-22ಕ್ಕೆ ಶುರುವಾಗಿ ಜುಲೈ 5ರ ಸುಮಾರಿಗೆ ಮುಗಿದು ಪುನರ್ವಸು ಹುಟ್ಟತ್ತೆ.

ಸೂರ್ಯ ಅಲ್ಲೇ ಕೂತಿರೋವಾಗ ಆ ನಕ್ಷತ್ರ ಹೇಗೆ ಕಾಣತ್ತೆ ಹೇಳು. ಅದು ಕಾಣೋದು ಆರು ತಿಂಗಳು ಬಿಟ್ಟು, ಸೂರ್ಯ ಎದುರುಗಡೆಗೆ ಹೋದಾಗ. ಡಿಸೆಂಬರಲ್ಲಿ ನೋಡು, ಸಂಜೆ ಪೂರ್ವದಲ್ಲಿ ಹುಟ್ಟಿ ಮಧ್ಯರಾತ್ರಿ ನಿಮ್ಮೂರಲ್ಲಿ ಹತ್ರಹತ್ರ ನೆತ್ತಿ ಮೇಲೇ ಇರತ್ತೆ.

ಪಾಂಡವಪುರದ ಮೊಮ್ಮಗ · ಜೂನ್ 24

ಅಕ್ಕ ಅರ್ಥ ಆಯ್ತು, ಆದ್ರೆ ಇನ್ನೂ ದೊಡ್ ಪ್ರಶ್ನೆ ಬಂತು. ಸೂರ್ಯನ ಹಿಂದೆ ಇರೋ ನಕ್ಷತ್ರ ಯಾರ್ ಕಣ್ಣಿಗೂ ಕಾಣಲ್ಲ. ಆ್ಯಪ್ ಇಲ್ಲ, ಏನಿಲ್ಲ. ಸೂರ್ಯ ಈಗ ಆರಿದ್ರಾದಲ್ಲವ್ನೆ ಅಂತ ಸಾವಿರಾರು ವರ್ಷದ ಹಿಂದಿನವ್ರಿಗೆ ಹೆಂಗ್ ಗೊತ್ತಾಯ್ತು?

ಮದ್ದೂರಿನ ಸೈನ್ಸ್ ಟೀಚರ್ · ಜೂನ್ 25

ಈ ಪ್ರಶ್ನೇನ ನನ್ ಕ್ಲಾಸಲ್ಲಿ ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ಲ, ತುಂಬಾ ಖುಷಿಯಾಯ್ತು ಕಣಪ್ಪ.

ಚಂದ್ರನ್ನ ಕೇಳಿದ್ರು. ಹುಣ್ಣಿಮೆ ದಿನ ಚಂದ್ರ ಸೂರ್ಯನಿಗೆ ನೇರ ಎದುರಿಗೆ ಇರ್ತಾನೆ, ಅದಕ್ಕೇ ಸೂರ್ಯ ಮುಳುಗ್ತಿದ್ದಂಗೆ ಅವನು ಹುಟ್ಟೋದು. ಹುಣ್ಣಿಮೆ ಚಂದ್ರನ ಪಕ್ಕ ಯಾವ ನಕ್ಷತ್ರ ಇದೆ ನೋಡಿದ್ರೆ ಅದಕ್ಕೆ ಸರಿಯಾಗಿ ಎದುರು ಭಾಗದಲ್ಲಿ ಸೂರ್ಯ ಇದಾನೆ ಅಂತ ಲೆಕ್ಕ. ಹುಣ್ಣಿಮೆ ಚಂದ್ರ ಚೇಳಿನ ಬಾಲದ ಮೂಲಾ ನಕ್ಷತ್ರದ ಹತ್ರ ಇದ್ರೆ ಸೂರ್ಯ ಆರಿದ್ರಾ ಕಡೆ ಇದಾನೆ. ನಮ್ಮ ತಿಂಗಳ ಹೆಸರೆಲ್ಲ ಹೀಗೇ ಬಂದಿದ್ದು, ಚಿತ್ತಾ ನಕ್ಷತ್ರದ ಹತ್ರ ಹುಣ್ಣಿಮೆ ಆದ್ರೆ ಚೈತ್ರ, ವಿಶಾಖಾ ಹತ್ರ ಆದ್ರೆ ವೈಶಾಖ, ಕೃತ್ತಿಕೆ ಹತ್ರ ಆದ್ರೆ ಕಾರ್ತಿಕ, ಮೃಗಶಿರಾ ಹತ್ರ ಆದ್ರೆ ಮಾರ್ಗಶಿರ. ಹನ್ನೆರಡು ಹೆಸರನ್ನೂ ಹೇಳ್ಕೊಂಡು ಹೋದ್ರೆ ಆಕಾಶದ ಒಂದು ಸುತ್ತು ಬಂದಂಗೆ. ಚಂದ್ರ ನಕ್ಷತ್ರಗಳ ಮಧ್ಯೆ ಒಂದು ಸುತ್ತು ಬರೋದಕ್ಕೆ 27 ದಿನ ಚಿಲ್ರೆ ಬೇಕು, ದಿನಕ್ಕೊಂದು ಮನೆ ಅಂತ 27 ಆಗಿದ್ದು.

ಇನ್ನೊಂದು ದಾರಿ ಬೆಳಗಿನ ಜಾವ ನೋಡೋದು. ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆ ಪೂರ್ವದಲ್ಲಿ ಹೊಸದಾಗಿ ಯಾವ ನಕ್ಷತ್ರ ಕಾಣಿಸ್ಕೊಂತು ಅಂತ. ಈಜಿಪ್ಟಿನವರು ಇದನ್ನೇ ಮಾಡ್ತಿದ್ರು, ನಾವು ಲುಬ್ಧಕ ಅನ್ನೋ ನಕ್ಷತ್ರ ಬಹಳ ದಿನ ಮರೆಯಾಗಿದ್ದು ಮತ್ತೆ ಜಾವದಲ್ಲಿ ಕಂಡ ಹೊತ್ತಿಗೆ ನೈಲ್ ನದಿಗೆ ಪ್ರವಾಹ ಬರ್ತಿತ್ತು. ಅವರಿಗೆ ನೈಲು, ನಮಗೆ ಕಾವೇರಿ.

ಬಿಎಸ್ಸಿ ಫೈನಲ್ ಇಯರ್ · ಜೂನ್ 25

ಮೇಡಂ, ಬೇಜಾರ್ ಮಾಡ್ಕೋಬೇಡಿ. ಮಳೆ ಬರೋದು ನೈರುತ್ಯ ಮಾರುತದಿಂದ, ಭೂಮಿ ಕಾದು ಸಮುದ್ರದ ಕಡೆಯಿಂದ ಗಾಳಿ ನುಗ್ಗೋದ್ರಿಂದ, ನಕ್ಷತ್ರಕ್ಕೂ ಅದಕ್ಕೂ ಏನ್ ಸಂಬಂಧ? ಇದನ್ನೆಲ್ಲ ಖಗೋಳ ವಿಜ್ಞಾನ ಅಂತ ಕರೆದ್ರೆ ನಾಳೆ ಜಾತಕಾನೂ ಅದೇ ಸಾಲಿಗೆ ಬರತ್ತೆ. ನಿಜವಾದ ಆಕಾಶ ವಿಜ್ಞಾನ ಶುರುವಾಗಿದ್ದು ಟೆಲಿಸ್ಕೋಪ್ ಬಂದ್ಮೇಲೆ ಅನ್ನೋದು ನನ್ನ ಅಭಿಪ್ರಾಯ.

ಮದ್ದೂರಿನ ಸೈನ್ಸ್ ಟೀಚರ್ · ಜೂನ್ 25

ಬೇಜಾರೇನಿಲ್ಲಪ್ಪ, ಮೊದಲ ಅರ್ಧ ನಾನೂ ಒಪ್ತೀನಿ. ನಕ್ಷತ್ರ ಮಳೆ ತರಲ್ಲ, ತಾರೀಖು ಹೇಳತ್ತೆ ಅಷ್ಟೆ. ಕ್ಯಾಲೆಂಡರಿನ ಜೂನ್ ಹಾಳೆ ಮಳೆ ತರತ್ತಾ? ಆದ್ರೆ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ತಾರೀಖು ಕಂಡುಹಿಡಿಯೋದೇ ದೊಡ್ಡ ವಿಜ್ಞಾನ. ಬರೀ ಚಂದ್ರನ ಲೆಕ್ಕ ಇಟ್ರೆ 12 ತಿಂಗಳಿಗೆ 354 ದಿನ, ವರ್ಷಕ್ಕೆ 11 ದಿನ ಕಮ್ಮಿ, ಮೂರ್ ವರ್ಷ ಸುಮ್ನಿದ್ರೆ ಬಿತ್ತನೆ ಒಂದು ತಿಂಗಳು ತಪ್ಪೋಗತ್ತೆ. ಅದಕ್ಕೇ ಹಬ್ಬಕ್ಕೆ ಚಂದ್ರನ ಲೆಕ್ಕ ಇಟ್ಕೊಂಡ್ರೂ (ಅದಕ್ಕೂ ಅಧಿಕ ಮಾಸ ಸೇರಿಸಿ ಸರಿ ಮಾಡಿದ್ರು) ಮಳೆಗೆ ಮಾತ್ರ ಸೂರ್ಯನ ಲೆಕ್ಕ ಇಟ್ರು. ಯುಗಾದಿ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಓಡಾಡತ್ತೆ, ಆರಿದ್ರಾ ಓಡಾಡಲ್ಲ. ರೈತನಿಗೆ ಏನು ಬೇಕು ಅಂತ ಗೊತ್ತಿದ್ದು ಮಾಡಿರೋ ಏರ್ಪಾಡು ಇದು.

ಕುವೆಂಪುನಗರ ಟೆಲಿಸ್ಕೋಪ್ · ಜೂನ್ 26

ಫೈನಲ್ ಇಯರ್ ತಮ್ಮ, ಟೆಲಿಸ್ಕೋಪ್ ಹೆಸರು ಎತ್ತಿದ್ರಿ ಅಂತ ಬಂದೆ. ಹನ್ನೆರಡು ವರ್ಷದಿಂದ ನಮ್ಮನೆ ಟೆರೇಸ್ ಮೇಲೆ ಟೆಲಿಸ್ಕೋಪ್ ಇಟ್ಕೊಂಡಿದೀನಿ, ಅದರ ಬೆಲೆ ನಂಗೆ ಗೊತ್ತು. 1610ರ ಜನವರಿ 7ರ ರಾತ್ರಿ ಗೆಲಿಲಿಯೋ ಗುರುಗ್ರಹದ ಪಕ್ಕ ಮೂರು ಸಣ್ಣ ಚುಕ್ಕಿ ನೋಡ್ದ, ಕೆಲವು ದಿನದಲ್ಲೇ ನಾಲ್ಕನೇದೂ ಸಿಕ್ತು, ಗುರುವಿನ ಸುತ್ತ ತಿರುಗೋ ಚಂದ್ರಗಳು ಅವು, ಎಲ್ಲಾನೂ ಭೂಮಿ ಸುತ್ತಾನೇ ತಿರುಗತ್ತೆ ಅನ್ನೋ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು. ಮೈಸೂರಿನವರಿಗೆ ಆ ಇಸವಿ ಮರೆಯೋ ಹಾಗೇ ಇಲ್ಲ, ಅದೇ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡು ದಸರಾ ಶುರು ಮಾಡಿದ್ದು. ಅದೇ ಹೊತ್ತಲ್ಲಿ ಗೆಲಿಲಿಯೋ ಕೃತ್ತಿಕೆ ಗೊಂಚಲನ್ನೂ ನೋಡಿದ್ದ, ಬರಿಗಣ್ಣಿಗೆ ಆರು ಕಾಣೋ ಕಡೆ ಮೂವತ್ತಕ್ಕೂ ಜಾಸ್ತಿ ಚುಕ್ಕಿ ಗುರುತು ಹಾಕಿದಾನೆ. ಷಣ್ಮುಖನ್ನ ಸಾಕಿದ ಆರು ತಾಯಂದಿರು ಅಂತ ನಾವು ಎಣಿಸಿದ್ದ ಆರು ಅದು. ಆ ಗೊಂಚಲು ಇರೋದು ಸುಮಾರು 440 ಜ್ಯೋತಿರ್ವರ್ಷ ದೂರ, ಅಂದ್ರೆ ಈ ಚಳಿಗಾಲದಲ್ಲಿ ನೀವು ನೋಡೋ ಬೆಳಕು ಅಲ್ಲಿಂದ ಹೊರಟಾಗ ರಾಜ ಒಡೆಯರು ಪಟ್ಟಕ್ಕೆ ಬಂದು ಇನ್ನೂ ಕೆಲವೇ ವರ್ಷ ಆಗಿತ್ತು.

ಆದ್ರೆ ಟೆಲಿಸ್ಕೋಪಿಗೆ ಮುಂಚೆ ವಿಜ್ಞಾನ ಇರ್ಲಿಲ್ಲ ಅನ್ನೋದನ್ನ ಒಪ್ಪಲ್ಲ. ಅದಕ್ಕಿಂತ ಸಾವಿರದ ನೂರು ವರ್ಷ ಮುಂಚೆ, 499ರಲ್ಲಿ, ದೋಣೀಲಿ ಹೋಗೋನಿಗೆ ದಡದ ಮರ ಹಿಂದಕ್ಕೆ ಓಡ್ದಂಗೆ ಕಾಣೋ ಹಾಗೆ ತಿರುಗ್ತಿರೋ ಭೂಮಿ ಮೇಲಿರೋ ನಮಗೆ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂಗೆ ಕಾಣತ್ತೆ ಅಂತ ಆರ್ಯಭಟ ಬರೆದಿದ್ದು ಯಾವ ಗಾಜೂ ಇಲ್ಲದೆ.

ಆರಿದ್ರಾ ಬಗ್ಗೆ ಹೇಳ್ಲೇಬೇಕು, ನಂಗೆ ಬಹಳ ಇಷ್ಟದ ನಕ್ಷತ್ರ. ಇಂಗ್ಲಿಷಲ್ಲಿ ಬೀಟಲ್‌ಜ್ಯೂಸ್. ಆರ್ದ್ರ ಅಂದ್ರೆ ಒದ್ದೆ, ಹೆಸರಲ್ಲೇ ಮಳೆ ಇದೆ ನೋಡಿ. ಕೆಂಪು ಮಹಾದೈತ್ಯ, ಸೂರ್ಯನ ಜಾಗದಲ್ಲಿ ಅದನ್ನ ಇಟ್ರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲ ಅದ್ರ ಹೊಟ್ಟೆ ಒಳಗೇ ಹೋಗತ್ತೆ. ಸೂರ್ಯನ್ನ ಬಿಟ್ರೆ ಮನುಷ್ಯ ಮೊಟ್ಟಮೊದಲು ಅಳತೆ ತಗೊಂಡ ನಕ್ಷತ್ರ ಇದೇ, 1920ರ ಡಿಸೆಂಬರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನ 100 ಇಂಚಿನ ಟೆಲಿಸ್ಕೋಪಿಗೆ ಕನ್ನಡಿಗಳ ಏರ್ಪಾಡು ಕಟ್ಟಿ ಮೈಕೆಲ್ಸನ್ ಮತ್ತೆ ಪೀಸ್ ಅದರ ವ್ಯಾಸ ಅಳೆದ್ರು. 2020ರ ಜನವರೀಲಿ ಅದು ಮಂಕಾಗಿದ್ದು ನೆನಪಿದ್ಯಾ ಯಾರಿಗಾದ್ರೂ? ನಮ್ಮ ಟೆರೇಸಿಂದ ಬರಿಗಣ್ಣಲ್ಲೇ ಗೊತ್ತಾಗ್ತಿತ್ತು, ಯಾವಾಗ್ಲೂ ರೋಹಿಣಿಗಿಂತ ಜೋರಾಗಿ ಉರಿಯೋದು ಆ ತಿಂಗಳು ರೋಹಿಣಿಗಿಂತ ಸಪ್ಪೆ. ಇನ್ನೇನು ಸಿಡಿದೇ ಹೋಗತ್ತೆ ಅಂತ ನಾನು ದಿನಾ ರಾತ್ರಿ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸ್ತಿದ್ದೆ. ಆಮೇಲೆ ತಿಳೀತು, ಅದೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಮುಂದೆ ಅಡ್ಡ ಬಂದಿತ್ತು ಅಂತ. ಸಿಡಿಯೋದಂತೂ ಖಂಡಿತ, ಆದ್ರೆ ಅದು ಲಕ್ಷ ವರ್ಷದ ಲೆಕ್ಕ.

ರಿಟೈರ್ಡ್ ಒಂಟಿಕೊಪ್ಪಲು · ಜೂನ್ 27

ಬಹಳ ಒಳ್ಳೆ ಚರ್ಚೆ ನಡೀತಿದೆ. ನಮ್ಮನೇಲಿ ಪ್ರತಿ ಯುಗಾದಿಗೂ ಒಂಟಿಕೊಪ್ಪಲ್ ಪಂಚಾಂಗ ತರೋದು ನಮ್ಮ ತಂದೆ ಕಾಲದಿಂದ ಬಂದ ಪದ್ಧತಿ, ಮಳೆ ನಕ್ಷತ್ರದ ಪುಟ ಮೊದಲು ತೆಗೀತೀನಿ. ಒಂದು ವಿಷಯ ಸೇರಿಸ್ತೀನಿ. ಮೇಡಂ ಆರಿದ್ರಾ ಓಡಾಡಲ್ಲ ಅಂದ್ರು, ಓಡಾಡತ್ತೆ, ಆದ್ರೆ ನಮ್ಮ ಆಯಸ್ಸಲ್ಲಿ ಗೊತ್ತಾಗದಷ್ಟು ನಿಧಾನ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರೋ ವರ್ಷಕ್ಕೂ, ಋತುಗಳು ಒಂದು ಸುತ್ತು ಬರೋ ವರ್ಷಕ್ಕೂ ಸುಮಾರು 20 ನಿಮಿಷ ವ್ಯತ್ಯಾಸ. ಲೆಕ್ಕ ಹಾಕಿ, 72 ವರ್ಷಕ್ಕೆ ಒಂದು ಪೂರ್ತಿ ದಿನ. ಕಾರಣ ಭೂಮಿಯ ಅಕ್ಷ ವೇಗ ಕಳಕೊಳ್ತಿರೋ ಬುಗುರಿ ತಲೆ ಆಡಿಸಿದಂಗೆ ಆಡತ್ತೆ, ಒಂದು ಸುತ್ತಿಗೆ ಹತ್ತಿರಹತ್ತಿರ 26,000 ವರ್ಷ. ಗ್ರೀಸಿನ ಹಿಪ್ಪಾರ್ಕಸ್ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಇದನ್ನ ಹಿಡಿದಿದ್ದು ನಮ್ಮ ಚಿತ್ತಾ ನಕ್ಷತ್ರದಿಂದಲೇ, ತನಗಿಂತ ಸುಮಾರು 150 ವರ್ಷ ಹಿಂದಿನವರು ಅಳೆದಿಟ್ಟ ಜಾಗಕ್ಕೂ ತಾನು ಅಳೆದಿದ್ದಕ್ಕೂ ತಾಳೆ ಆಗಲಿಲ್ಲ.

ನಮ್ಮಲ್ಲಿ ಇದು ಹೇಗೆ ಕಾಣತ್ತೆ ಅಂದ್ರೆ ಮೈ ಜುಂ ಅನ್ನತ್ತೆ. ವರ್ಷದ ಅತಿ ದೊಡ್ಡ ಹಗಲು, ದಕ್ಷಿಣಾಯನ ಶುರುವಾಗೋ ದಿನ, ಆವತ್ತು ಸೂರ್ಯ ಎಲ್ಲಿರ್ತಾನೆ ಅಂತ ನೋಡಿ. ನಮ್ಮ ಬಹಳ ಹಳೇ ಕಾಲಗಣನೆ ಗ್ರಂಥ ವೇದಾಂಗ ಜ್ಯೋತಿಷದಲ್ಲಿ ಆಶ್ಲೇಷದ ಅರ್ಧದಲ್ಲಿ ಅಂತಿದೆ. 6ನೇ ಶತಮಾನದ ವರಾಹಮಿಹಿರ, ಹಿಂದಿನ ಶಾಸ್ತ್ರಗಳಲ್ಲಿ ಆಶ್ಲೇಷ ಅಂತಿತ್ತು, ಈಗ ಕರ್ಕಾಟಕದ ಆರಂಭದಲ್ಲಿ ಆಗ್ತಿದೆ ಅಂತ ಸ್ಪಷ್ಟವಾಗಿ ಬರೀತಾನೆ, ಅಂದ್ರೆ ಪುನರ್ವಸು. ಈಗ? ಜೂನ್ 21, ಆರಿದ್ರಾ ಹುಟ್ಟೋ ಹೊತ್ತಿಗೆ ಸರಿಯಾಗಿ. ಆಶ್ಲೇಷ, ಪುನರ್ವಸು, ಆರಿದ್ರಾ. ಮೂರು ಕಾಲದ ಜನ ಆಕಾಶ ನೋಡಿ ಬರೆದಿಟ್ಟಿರೋದನ್ನ ಪಕ್ಕಪಕ್ಕ ಇಟ್ರೆ ಭೂಮಿ ತಲೆ ಆಡಿಸ್ತಿರೋದು ಕಾಣತ್ತೆ. ಮಕರ ಸಂಕ್ರಾಂತಿಗೂ ನಿಜವಾದ ಉತ್ತರಾಯಣಕ್ಕೂ ಈಗ 23-24 ದಿನ ಅಂತರ ಇರೋದಕ್ಕೂ ಇದೇ ಕಾರಣ.

ನಾಗಮಂಗಲ ರಾಗಿ · ಜೂನ್ 27

ಸಾರ್ ಹಂಗಾದ್ರೆ ಇತ್ತೀಚೆಗೆ ಮಳೆ ನಕ್ಷತ್ರಕ್ಕೆ ಸರಿಯಾಗಿ ಮಳೆ ಬತ್ತಿಲ್ಲ ಅಂತ ನಮ್ಮೂರಲ್ಲಿ ಎಲ್ರೂ ಅಂತವ್ರೆ, ಇದೇ ಕಾರಣನಾ? "ಆದ್ರೆ ಆರಿದ್ರಾ ಇಲ್ದಿದ್ರೆ ದರಿದ್ರ" ಅಂತ ನಮ್ಮಜ್ಜಿ ಹೇಳೋರು, ಮಳೆ ನಂಬ್ಕೊಂಡು ರಾಗಿ ಹಾಕೋ ನಮ್ಗೆ ಇದು ಬರೀ ಗಾದೆ ಅಲ್ಲ. ಹೋದ್ಸಲ ಬಿತ್ತಿದ್ದು ಮೊಳಕೇಲೇ ಒಣಗೋಯ್ತು.

ರಿಟೈರ್ಡ್ ಒಂಟಿಕೊಪ್ಪಲು · ಜೂನ್ 27

ಇಲ್ಲಪ್ಪ, ಅದಕ್ಕೂ ಇದಕ್ಕೂ ತಳುಕು ಹಾಕೋ ಹಾಗಿಲ್ಲ. ನಿಮ್ಮಜ್ಜಿ ಹುಟ್ಟಿದಾಗಿನಿಂದ ಈವತ್ತಿನವರೆಗೆ ಆಕಾಶದ ಲೆಕ್ಕ ಜಾರಿರೋದು ಒಂದು ದಿನ ಅಷ್ಟೆ. ಗಾದೆ ಮುನ್ನೂರು ವರ್ಷ ಹಳೇದು ಅಂತಿಟ್ಕೊಂಡ್ರೂ ನಾಲ್ಕು ದಿನ. ನಾಲ್ಕು ದಿನದಲ್ಲಿ ಮುಂಗಾರು ಕೈ ಕೊಡಲ್ಲ. ಮಳೆ ತಪ್ತಿದ್ರೆ ಅದರ ಕಾರಣ ಗಾಳಿ, ಸಮುದ್ರ, ಕಾಡು ಇಲ್ಲೆಲ್ಲ ಹುಡುಕಬೇಕು. ಗಡಿಯಾರ ಸರಿಯಾಗೇ ಇದೆ, ಬಸ್ಸು ತಡವಾಗ್ತಿದೆ.

ಶಾಸನದ ಹುಚ್ಚು · ಜೂನ್ 29

ತಡವಾಗಿ ಬಂದೆ, ಕ್ಷಮಿಸಿ. ರಿಟೈರ್ಡ್ ಸಾರ್ ವೇದಾಂಗ ಜ್ಯೋತಿಷ ಅಂದ್ರಲ್ಲ, ಅದನ್ನ 1936ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ್ದು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು, 1905ರಲ್ಲಿ ಓರಿಯೆಂಟಲ್ ಲೈಬ್ರರಿಯ ತಾಳೆಗರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿದವರೇ. ಆ ಅರ್ಥಶಾಸ್ತ್ರದಲ್ಲಿ ನೆರಳು ಅಳೆದು ಹೊತ್ತು ಹೇಳೋ ಭಾಗ ಇದೆ, ಆಷಾಢ ಮಾಸದ ನಡುಮಧ್ಯಾಹ್ನ ನೆರಳು ಇರಲ್ಲ ಅಂತ. ಇದು ನಮ್ಮೂರ ಮಾತಲ್ಲ, ಕರ್ಕಾಟಕ ಸಂಕ್ರಾಂತಿ ವೃತ್ತದ ಹತ್ತಿರ, ಉಜ್ಜಯಿನಿ ಕಡೆಯವರ ಮಾತು. ಮೈಸೂರಲ್ಲಿ ನೆರಳು ಕಾಲಡಿಗೆ ಬರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್ 22-23ರ ಸುಮಾರು ಒಂದ್ಸಲ, ಆಗಸ್ಟ್ 20ರ ಸುಮಾರು ಇನ್ನೊಂದ್ಸಲ. ನೇರವಾಗಿ ಒಂದು ಕೋಲು ನೆಟ್ಟು ಮಧ್ಯಾಹ್ನ ಹನ್ನೆರಡೂಕಾಲರಿಂದ ಹನ್ನೆರಡೂವರೆವರೆಗೆ ನೋಡ್ತಾ ಇರಿ, ಒಂದು ಕ್ಷಣ ನೆರಳೇ ಇರಲ್ಲ. ತಾಳೆಗರಿಯ ಒಂದೇ ಸಾಲಿಂದ ಅದನ್ನ ಯಾವ ಸೀಮೆಯ ನೆರಳು ನೋಡಿ ಬರೆದದ್ದು ಅಂತ ಹೇಳಬಹುದು.

ನನ್ನ ನಿಜವಾದ ವಿಷಯ ಕಲ್ಲು. ನಮ್ಮ ಭಾಗದ ಹಳ್ಳಿಗಳಲ್ಲಿ ದೇವಸ್ಥಾನದ ಪಕ್ಕ, ಕೆರೆ ಏರಿ ಮೇಲೆ ಬಿದ್ದಿರೋ ಶಾಸನಗಳನ್ನ ಓದಿ, ಸೂರ್ಯಗ್ರಹಣದಲ್ಲಿ, ಸೋಮಗ್ರಹಣದಲ್ಲಿ, ಉತ್ತರಾಯಣ ಸಂಕ್ರಮಣದಲ್ಲಿ ಇಂಥವರಿಗೆ ಇಷ್ಟು ಗದ್ದೆ ಬಿಟ್ಟೆವು ಅಂತ ಎಷ್ಟೋ ಕಡೆ ಇದೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲಾ ಕೊಟ್ಟಿರ್ತಾರೆ. ದಾನ ಕೊಟ್ಟವನು ಪುಣ್ಯಕ್ಕೆ ಬರೆಸಿದ, ಇವತ್ತು ನಮಗೆ ಅದು ಆಕಾಶದ ದಾಖಲೆ. ಗ್ರಹಣ ಯಾವ ದಿನ ಆಯ್ತು ಅಂತ ಲೆಕ್ಕ ಹಾಕಿ ಶಾಸನದ ತಾರೀಖನ್ನ ಗಟ್ಟಿ ಮಾಡ್ಕೋಬಹುದು. ಬೆಂಗಳೂರು ತಾರಾಲಯದ ನಿರ್ದೇಶಕರಾಗಿದ್ದ ಬಿ.ಎಸ್. ಶೈಲಜಾ ಅವರು ಶಾಸನಗಳಲ್ಲಿರೋ ಇಂಥ ಉಲ್ಲೇಖಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಬ್ಯಾಬಿಲೋನು, ಚೀನಾ, ಅರಬ್ಬರು ಬರೆದಿಟ್ಟ ಹಳೇ ಗ್ರಹಣಗಳನ್ನ ಹೀಗೇ ತಾಳೆ ನೋಡಿದಾಗ ಭೂಮಿ ತಿರುಗೋದು ನಿಧಾನ ಆಗ್ತಿದೆ, ದಿನದ ಉದ್ದ ನೂರು ವರ್ಷಕ್ಕೆ ಸುಮಾರು 1.8 ಮಿಲಿಸೆಕೆಂಡ್ ಬೆಳೀತಿದೆ ಅಂತ ಸಿಕ್ತು. ಅಷ್ಟು ಸಣ್ಣದು ಎರಡೂವರೆ ಸಾವಿರ ವರ್ಷ ಸೇರ್ತಾ ಸೇರ್ತಾ ಗಂಟೆಗಟ್ಟಲೆ ಆಗತ್ತೆ, ಭೂಮಿ ಒಂದೇ ವೇಗದಲ್ಲಿ ತಿರುಗಿದ್ರೆ ಆ ಗ್ರಹಣ ಬೇರೆ ಯಾವುದೋ ದೇಶದಲ್ಲಿ ಕಾಣಬೇಕಿತ್ತು.

ದಯವಿಟ್ಟು ನಿಮ್ಮೂರಲ್ಲಿ ಇಂಥ ಕಲ್ಲಿದ್ರೆ ಬಟ್ಟೆ ಒಗೆಯೋಕೆ, ಮೋರಿ ಮೇಲೆ ಹಾಸೋಕೆ ಬಿಡಬೇಡಿ. ಮೇಲ್ಗಡೆ ಸೂರ್ಯ ಚಂದ್ರ ಕೆತ್ತಿರ್ತಾರಲ್ಲ, ಅವರು ಇರೋವರೆಗೂ ಈ ದಾನ ಇರಲಿ ಅಂತ ಅದು. ಹೋದ ವರ್ಷ ನಾನು ಫೋಟೋ ತೆಗೆದು ಬಂದಿದ್ದ ಒಂದು ಕಲ್ಲು ಎರಡನೇ ಸಲ ಹೋಗೋ ಹೊತ್ತಿಗೆ ರಸ್ತೆ ಕೆಲಸದಲ್ಲಿ ಹೋಳಾಗಿತ್ತು, ಊಟ ಸೇರ್ಲಿಲ್ಲ ಆವತ್ತು.

ಬ್ಲಫ್ ಕಾಲೋನಿ · ಜುಲೈ 2

ಎಲ್ಲಾ ಓದ್ದೆ. ನಾನು ಹುಟ್ಟಿ ಬೆಳೆದಿದ್ದು ಶಿವನಸಮುದ್ರದ ಬ್ಲಫಲ್ಲಿ, ನಮ್ಮಪ್ಪ ಪವರ್ ಹೌಸಲ್ಲಿ ಇದ್ರು. 1902ರಲ್ಲಿ ಅಲ್ಲಿಂದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ ಅಂತ ಮಂಡ್ಯದ ಮಕ್ಕಳಿಗೆಲ್ಲ ಗೊತ್ತು. ಆದ್ರೆ ಅದೇ ಗಣಿ ಒಳಗೆ ಆಕಾಶ ನೋಡಿದ್ರು ಅಂತ ಎಷ್ಟು ಜನಕ್ಕೆ ಗೊತ್ತು? ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣ ನಮ್ಮ ವಾತಾವರಣಕ್ಕೆ ಬಡಿದಾಗ ನ್ಯೂಟ್ರಿನೋ ಅನ್ನೋ ಕಣ ಹುಟ್ಟುತ್ತೆ, ಭೂಮೀನೇ ತೂರ್ಕೊಂಡು ಹೋಗೋ ಅಂಥಾದ್ದು. ಮೇಲ್ಗಡೆ ಬೇರೆ ಕಣಗಳ ಗದ್ದಲ ಜಾಸ್ತಿ, ಅದಕ್ಕೆ ನೆಲದಡಿ ಎರಡು ಕಿಲೋಮೀಟರಿಗೂ ಆಳಕ್ಕೆ ಉಪಕರಣ ಇಳಿಸಿದ್ರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಮೂರೂ ಕಡೆಯವರು ಸೇರಿ 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೋ ಗುರುತು ಹಿಡಿದ್ರು, ಪ್ರಪಂಚದಲ್ಲೇ ಮೊದಲನೇ ಸಾಲಿನಲ್ಲಿ.

ಇನ್ನೊಂದು ಕೇಳಿ. ಆ ಕೋಲಾರದ ಚಿನ್ನದ ಬಗ್ಗೆ 1802ರಲ್ಲಿ ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದು ಜಾನ್ ವಾರೆನ್ ಅಂತ, ಮೈಸೂರು ಸರ್ವೆಯಲ್ಲಿದ್ದವನು, 1799ರ ಶ್ರೀರಂಗಪಟ್ಟಣದ ಯುದ್ಧಕ್ಕೂ ಬಂದಿದ್ದ. ಮುಂದೆ ಅವನೇ ಮದರಾಸು ವೀಕ್ಷಣಾಲಯದ ಖಗೋಳಜ್ಞನ ಕೆಲಸ ನೋಡ್ಕೊಂಡು, ಆಮೇಲೆ ನಮ್ಮ ದಕ್ಷಿಣ ಭಾರತದ ಪಂಚಾಂಗ ಲೆಕ್ಕಗಳ ಮೇಲೆ 1825ರಲ್ಲಿ ದೊಡ್ಡ ಗ್ರಂಥ ಬರೆದ. ನೀವು ಇಲ್ಲಿ ಮಾತಾಡ್ತಿರೋ ಇದೇ ಲೆಕ್ಕ.

ಬಿಎಸ್ಸಿ ಫೈನಲ್ ಇಯರ್ · ಜುಲೈ 2

ಕೆಜಿಎಫ್ ನ್ಯೂಟ್ರಿನೋ ಗೊತ್ತಿತ್ತು, ಆ ಗಣಿಗೆ ಕರೆಂಟು ಎಲ್ಲಿಂದ ಹೋಯ್ತು ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ ಸಾರ್. ಟೆಲಿಸ್ಕೋಪ್ ಬಗ್ಗೆ ಹೇಳಿದ್ದು ವಾಪಸ್ ತಗೋತೀನಿ. ಜಾತಕದ ಬಗ್ಗೆ ಹೇಳಿದ್ದು ಮಾತ್ರ ವಾಪಸ್ ತಗೊಳಲ್ಲ.

ಮದ್ದೂರಿನ ಸೈನ್ಸ್ ಟೀಚರ್ · ಜುಲೈ 2

ತಗೋಬೇಡ, ಅದ್ರಲ್ಲಿ ನಾನೂ ನಿನ್ ಕಡೆಗೇ.

ಕುವೆಂಪುನಗರ ಟೆಲಿಸ್ಕೋಪ್ · ಜುಲೈ 3

ಬ್ಲಫ್ ಸಾರ್ ಕರೆಂಟು ಅಂದಾಗ ಇನ್ನೊಂದು ಹೇಳಬೇಕು ಅನ್ನಿಸ್ತು. ನಾನು ಮೊದಲ ಸಲ ಟೆಲಿಸ್ಕೋಪ್ ಇಟ್ಟಾಗ ಈ ಟೆರೇಸಿಂದ ಸಪ್ತರ್ಷಿ ಪೂರ್ತಿ, ವಸಿಷ್ಠನ ಪಕ್ಕ ಅರುಂಧತಿ ಬರಿಗಣ್ಣಿಗೆ ಕಾಣ್ತಿದ್ಲು. ಈಗ ರಸ್ತೆಗೆಲ್ಲ ಬಿಳೀ ಎಲ್‌ಇಡಿ ಬಂದ್ಮೇಲೆ ಅರುಂಧತಿ ಹುಡುಕಬೇಕು. ಮದುವೇಲಿ ಹಗಲೊತ್ತು ಆಕಾಶಕ್ಕೆ ಕೈ ತೋರಿಸಿ ಅರುಂಧತಿ ನೋಡಿ ಅಂತಾರಲ್ಲ, ಇನ್ನು ಸ್ವಲ್ಪ ವರ್ಷಕ್ಕೆ ಮೈಸೂರಲ್ಲಿ ರಾತ್ರೀನೂ ಹಂಗೇ ಕೈ ತೋರಿಸಬೇಕಾಗತ್ತೆ. ಧ್ರುವ ನಕ್ಷತ್ರ ನಮಗೆ ಮೊದಲೇ ದಿಗಂತದಿಂದ 12 ಡಿಗ್ರಿ ಎತ್ತರ ಅಷ್ಟೆ, ಕೈ ಮುಂದೆ ಚಾಚಿ ಮುಷ್ಟಿ ಹಿಡಿದ್ರೆ ಒಂದು ಮುಷ್ಟಿಗಿಂತ ಚೂರು ಮೇಲೆ, ಬೀದಿ ದೀಪದ ಮಬ್ಬಲ್ಲೇ ಮುಳುಗಿ ಹೋಗತ್ತೆ. ದೀಪ ಬೇಡ ಅನ್ನಲ್ಲ, ಮೇಲಕ್ಕೆ ಚೆಲ್ಲದಂಗೆ ಒಂದು ಮರೆ ಹಾಕಿ ನೆಲಕ್ಕೆ ಬಿಡಿ ಅಂತೀನಿ, ವಾರ್ಡಲ್ಲಿ ಅರ್ಜಿ ಕೊಟ್ಟಿದೀನಿ, ಮತ್ತೆ ಕೊಡ್ತೀನಿ. ಪಾಂಡವಪುರದ ಹುಡುಗ, ನಿಮ್ಮ ಕಡೆ ಕುಂತಿ ಬೆಟ್ಟದ ಹಿಂದೆ, ಮೇಲುಕೋಟೆ ಕಡೆ ಇನ್ನೂ ಕತ್ತಲೆ ಉಳಿದಿದೆ. ಡಿಸೆಂಬರಲ್ಲಿ ತಾತನ್ನ ಕರ್ಕೊಂಡು ಹೋಗಿ ನೋಡಿ, ನೋಡಿ ಇಲ್ಲಿ ಬರೀಬೇಕು.

ಪಾಂಡವಪುರದ ಮೊಮ್ಮಗ · ಡಿಸೆಂಬರ್ 18

ಎಲ್ರಿಗೂ ನೆನಪದೆಯೋ ಇಲ್ವೋ. ನೆನ್ನೆ ನೋಡುದ್ವಿ.

ಈ ವಾರ ನಮ್ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ, ಕಬ್ಬಿಗೆ ನೀರ್ ಬಿಡಕ್ಕೆ ಹೊರಟಿದ್ದೆ, ತಾತ ನಾನೂ ಬತ್ತೀನಿ ಅಂದ್ರು. ಚಳಿ, ಕಂಬಳಿ ಹೊದ್ಸಿ ಬದು ಮೇಲೆ ಕೂರ್ಸುದೆ. ಅಮಾವಾಸ್ಯೆ ಹತ್ರ ಆದ್ರಿಂದ ಕತ್ತಲೆ ಅಂದ್ರೆ ಕತ್ತಲೆ. ಒಂಬತ್ ಗಂಟೆ ಸುಮಾರಿಗೆ ಮೇಲ್ಗಡೆ ಕೃತ್ತಿಕೆ ಗೊಂಚಲು, ಅದ್ರ ಕೆಳಗೆ ರೋಹಿಣಿ, ಅದ್ರಿಂದ ಕೆಳಗೆ ಮೃಗಶಿರಾ, ಅದ್ರ ಪಕ್ಕ ಸಾಲಾಗಿರೋ ಮೂರ್ ಚುಕ್ಕಿಗೆ ಎಡಗಡೆ ಕೆಂಪುಗೆ ಆರಿದ್ರಾ. ನಮ್ ಮಳೆ ಬರೋ ಸಾಲಲ್ಲೇ ಒಂದ್ರ ಹಿಂದೆ ಒಂದು ಪೂರ್ವದಿಂದ ಮೇಲಕ್ಕೆ ಬತ್ತಾ ಅವೆ. ನಾನು ಒಂದೊಂದೇ ಬೆರಳು ತೋರ್ಸಿ ಹೆಸರು ಹೇಳ್ತಾ ಹೋದೆ, ತಾತ ಮಾತಾಡ್ನಿಲ್ಲ. ಚಿಕ್ಕೋರಿದ್ದಾಗಿಂದ ಕಣದಲ್ಲಿ ಮಲಗಿ ಈ ಚುಕ್ಕಿಗಳನ್ನೆಲ್ಲ ನೋಡವ್ರೆ, ಜಾವ ಎಷ್ಟಾಯ್ತು ಅಂತ ಆ ಮೂರ್ ಚುಕ್ಕಿ ನೋಡೇ ಹೇಳ್ತಿದ್ರಂತೆ, ಆದ್ರೆ ಆ ಹೆಸರಿನ ಮಳೆಗೂ ಈ ಚುಕ್ಕಿಗೂ ನಂಟು ಅದೆ ಅಂತ ಅವ್ರಿಗೆ ಯಾರೂ ತೋರ್ಸಿರ್ನಿಲ್ಲ.

ಸುಮಾರ್ ಹೊತ್ತು ನೋಡಿ ಆಮೇಲೆ ಕೇಳುದ್ರು, "ಪುನರ್ವಸು ಎಲ್ಲವ್ನೆ ತೋರ್ಸು."

ಅದು ಆಗಿನ್ನೂ ತೆಂಗಿನ ಮರದ ಗರಿ ಹಿಂದೆ ಇತ್ತು. ಮೇಲಕ್ಕೆ ಬರೋಗಂಟ ಕಾಯುದ್ವಿ.